ಎರಡು ಅಡಿ ಫ್ರೀ ಡಿಶ್ ಸೆಟ್: ಡಿಶ್ ಗಟ್ಟಿ, ವಾಯರ್ ಪೊಳ್ಳು

ವಿಜಯಪುರದಲ್ಲಿ ಒಂದೇ ಡಬ್ಬಿಯಲ್ಲಿ ಸಿಗುವ ಡಿಡಿ ಫ್ರೀ ಡಿಶ್ (ದೂರದರ್ಶನದ ಉಚಿತ ಉಪಗ್ರಹ ಟಿವಿ ಸೇವೆ) ಸೆಟ್ಟಿನ ಬಗ್ಗೆ ಇದು. ಎರಡು ಅಡಿ ಡಿಶ್, ಅದರ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಟಿವಿ ಪಕ್ಕ ಇಡುವ ಎಂಪೆಗ್-4 ಸೆಟ್‌ಟಾಪ್ ಬಾಕ್ಸ್, ಹತ್ತು ಮೀಟರ್ ವಾಯರ್, ಅದರ ತುದಿಗೆ ಹಾಕುವ ಪಿನ್‌ಗಳು. ತಿಂಗಳ ಬಾಡಿಗೆ ಕಟ್ಟದೆ ಚಂದನ ನೋಡುವವರಿಗೆ ಸಾಕು. ಡಿಶ್ಶಿನ ತಗಡು, ಕ್ಲಾಂಪು ಗಟ್ಟಿ, ಎಲ್‌ಎನ್‌ಬಿಯೂ ಪರವಾಗಿಲ್ಲ. ಕೈಕೊಡುವುದು ವಾಯರ್ ಮತ್ತು ಪಿನ್.

ವಾಯರಿನ ನಡುತಂತಿಗೆ ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಅದು ತಾಮ್ರ ಬಳಿದ ಉಕ್ಕು. ಹತ್ತು ಮೀಟರಿಗೆ ನಡೆಯುತ್ತದೆ. ಎರಡನೇ ಅಂತಸ್ತಿನಿಂದ ಕೆಳಗಿನ ಪಡಸಾಲೆಗೆ ಎಳೆಯುವುದಿದ್ದರೆ ನಡುತಂತಿ ಅಪ್ಪಟ ತಾಮ್ರದ್ದಿರುವ ಆರ್‌ಜಿ-6 ಎಂಬ ಡಿಶ್ ವಾಯರನ್ನು ಬೇರೆಯೇ ಕೊಳ್ಳಿ. ಬಾಕ್ಸ್ ಇದೇ ತಂತಿಯಲ್ಲಿ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ದಾರಿಯಲ್ಲಿ ವೋಲ್ಟೇಜ್ ಇಳಿದರೆ 18 ವೋಲ್ಟ್ ಬೇಕಾದ ಚಾನೆಲ್‌ಗಳು ಮಾಯವಾಗುತ್ತವೆ, ಉಳಿದವು ಬರುತ್ತಲೇ ಇರುತ್ತವೆ. ಆಗ ಪಾಪ, ಬೈಗುಳವೆಲ್ಲ ಡಿಶ್ಶಿಗೆ.

ತಿರುಗಿಸಿ ಕೂರಿಸುವ ಪಿನ್ ಬಿಟ್ಟು ಒತ್ತಿ ಕೂರಿಸುವ ಪಿನ್ ಹಾಕಿಸಿ. ಹೊರಸಿಪ್ಪೆ ಅರ್ಧ ಇಂಚು ಸುಲಿದು ಒಳಗಿನ ಲೋಹದ ಎಳೆಗಳ ಜಾಲರಿಯನ್ನು ಹಿಂದಕ್ಕೆ ಮಡಚಬೇಕು. ನಡುತಂತಿ ಪಿನ್ನಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗಿರಲಿ. ಜಾಲರಿಯ ಒಂದು ಕೂದಲೆಳೆ ನಡುತಂತಿಗೆ ತಾಗಿದರೂ ಶಾರ್ಟ್, ಎಲ್‌ಎನ್‌ಬಿಗೆ ಕರೆಂಟೇ ಹೋಗದು. ಇಲ್ಲಿನ ಬಿಸಿಲಿಗೆ ಮಾಮೂಲಿ ಇನ್ಸುಲೇಶನ್ ಟೇಪಿನ ಅಂಟು ನಿಲ್ಲುವುದಿಲ್ಲ, ರಬ್ಬರ್ ಟೇಪ್ ಸುತ್ತಿ. ನೀರು ಇಳಿದರೆ ತಾಮ್ರ ಹಸಿರಾಗುತ್ತದೆ.

ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವ. ವಿಜಯಪುರದಿಂದ ಅದು ಹೆಚ್ಚುಕಡಿಮೆ ಆಗ್ನೇಯಕ್ಕೆ: ಉತ್ತರದಿಂದ ಎಣಿಸಿದರೆ 132 ಡಿಗ್ರಿ, ನೆಲಮಟ್ಟದಿಂದ ಮೇಲಕ್ಕೆ ಸುಮಾರು 61 ಡಿಗ್ರಿ. ಡಿಶ್ ಇದಕ್ಕಿಂತ ನೆಟ್ಟಗೆ ನಿಂತಂತೆ ಕಾಣುತ್ತದೆ. ಆಫ್‌ಸೆಟ್ ಡಿಶ್ (ಎಲ್‌ಎನ್‌ಬಿ ನಡುವೆ ಇರದೆ ಕೆಳಗಿರುವ ಡಿಶ್) ಹಾಗೇ, ಗಾಬರಿಯಾಗಿ ಮೇಲೆತ್ತಬೇಡಿ. ಆ ದಿಕ್ಕಿನಲ್ಲಿ ಹತ್ತು ಅಡಿ ದೂರಕ್ಕೆ ಬೇವಿನ ಗಿಡವಿದ್ದರೆ, ಡಿಶ್ಶಿನ ಮಟ್ಟದಿಂದ ಹದಿನೆಂಟು ಅಡಿ ಬೆಳೆಯುವವರೆಗೆ ಅಡ್ಡಿಯಿಲ್ಲ.

ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ ಫ್ರೀಕ್ವೆನ್ಸಿ 9750/10600 ಇಟ್ಟು, ಟಿವಿ ಪರದೆಯಲ್ಲಿ ಸಿಗ್ನಲ್ಲಿನ ಕ್ವಾಲಿಟಿ ಪಟ್ಟಿ ಮಾತ್ರ ನೋಡಿ. ಸ್ಟ್ರೆಂತ್ ಪಟ್ಟಿ ಡಿಶ್ ಗೋಡೆ ನೋಡುತ್ತಿದ್ದರೂ ಏರಿರುತ್ತದೆ. ಡಿಶ್ಶನ್ನು ಬೆರಳಗಲ ಸರಿಸಿ, ಮೂರು ಸೆಕೆಂಡ್ ತಾಳಿ, ಮತ್ತೆ ಸರಿಸಿ. ಕ್ವಾಲಿಟಿ ಸಿಕ್ಕಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಅತ್ತಿತ್ತ ತಿರುಗಿಸಿದರೆ ಇನ್ನಷ್ಟು ಏರುತ್ತದೆ. ಬೋಲ್ಟುಗಳನ್ನು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಜಾರುತ್ತದೆ. ಮಣ್ಣಿನ ಮ್ಯಾಳಿಗಿಯಲ್ಲಿ (ಮಣ್ಣು ಹಾಕಿದ ಚಾವಣಿ) ಆಂಕರ್ ಬೋಲ್ಟ್ ಹಿಡಿಯದು, ಕಲ್ಲಿನ ಗೋಡೆಗೆ ಹೊಡೆಸಿ.

ಡಿಶ್ಶಿನ ವಾಯರನ್ನು ನೇರ ಟಿವಿಯ ಆಂಟೆನಾ ತೂತಿಗೆ ಸಿಗಿಸುವವರು ಬಹಳ. ಎಲ್‌ಎನ್‌ಬಿಯಿಂದ ಬರುವುದು 950ರಿಂದ 2150 ಮೆಗಾಹರ್ಟ್ಸ್. ಆ ತೂತು ಅಷ್ಟು ಮೇಲಕ್ಕೆ ಹೋಗದು, ವೋಲ್ಟೇಜೂ ಕೊಡದು. ಬಾಕ್ಸಿನಿಂದ ಎಚ್‌ಡಿಎಂಐ ಕೊಡಿ. ಹಳೆಯ ಟಿವಿಗೆ ಹಳದಿ, ಕೆಂಪು, ಬಿಳಿ ಪಿನ್. ಟಿವಿ ಹಿಂದೆ ಡಿವಿಬಿ-ಎಸ್2 (ಉಪಗ್ರಹ ಸಿಗ್ನಲ್ ಹಿಡಿಯುವ ಟ್ಯೂನರ್) ಎಂದು ಬರೆದ ತಿರುಪಿನ ತೂತು ಇದ್ದರೆ ಬಾಕ್ಸೇ ಬೇಡ. ಅಂಥವರು ಇಡೀ ಸೆಟ್ ಬಿಟ್ಟು ಡಿಶ್, ಎಲ್‌ಎನ್‌ಬಿ ಬಿಡಿಯಾಗಿ ಕೊಂಡು, ಉಳಿದ ದುಡ್ಡನ್ನು ವಾಯರಿಗೆ ಹಾಕಿ.