ಡಬ್ಲ್ಯುಪಿಎ ಕೂಲಿ ಸೇವೆ: ದುಡಿಯುವವನ ಕಡೆಯಿಂದ, ಊರಿನ ಕಡೆಯಿಂದ ಒಂದು ವಿಮರ್ಶೆ

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅಮೆರಿಕ ತಂದ ಪರಿಹಾರ ಕಾಯ್ದೆಗಳನ್ನು ಎಲ್ಲರೂ ಖರ್ಚಾದ ಕೋಟಿಗಳಲ್ಲೇ ಅಳೆಯುತ್ತಾರೆ. ಕೆಲಸ ಕಳೆದುಕೊಂಡವನಿಗೆ ಬೇಕಾದ ಮಾಹಿತಿ ಬೇರೆ: ಯಾರು ಅರ್ಜಿ ಹಾಕಬಹುದು, ಚೆಕ್ ಎಷ್ಟು ಬೇಗ ಕೈಸೇರುತ್ತದೆ, ಸಿಮೆಂಟಿನ ಖರ್ಚು ಯಾರದು. ಈ ಮೂರನ್ನು ಹಿಡಿದು ನೋಡಿದರೆ ಪ್ರಸಿದ್ಧವಾದ ಡಬ್ಲ್ಯುಪಿಎಗೆ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್; ನಿರುದ್ಯೋಗಿಗಳಿಗೆ ಸಾರ್ವಜನಿಕ ಕಾಮಗಾರಿಯಲ್ಲಿ ಕೂಲಿ ಕೊಟ್ಟ ಒಕ್ಕೂಟ ಸರ್ಕಾರದ ಸಂಸ್ಥೆ) 5ಕ್ಕೆ 3.5 ಕೊಡಬಹುದು. ಅದಕ್ಕೂ ಮೊದಲು ಬಂದು ಐದು ತಿಂಗಳೊಳಗೆ ಮುಚ್ಚಿಹೋದ, ಅಂಥದ್ದೇ ಸಂಸ್ಥೆ ಸಿಡಬ್ಲ್ಯುಎಗೆ (ಸಿವಿಲ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್) 4.

1932ರ ಜುಲೈನ, ಅಧ್ಯಕ್ಷ ಹೂವರ್ ಕಾಲದ ಕಾಯ್ದೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಕಾಮಗಾರಿಗೆ 150 ಕೋಟಿ ಡಾಲರ್ ಸಾಲ ಎಂದಿತು, ಆದರೆ ಕಟ್ಟಿದ್ದು ತನ್ನ ಆದಾಯದಿಂದಲೇ ಸಾಲ ತೀರಿಸಬೇಕು ಎಂದೂ ಹೇಳಿತು. ಸುಂಕದ ಸೇತುವೆಗೆ ಈ ಷರತ್ತು ಹೊಂದುತ್ತದೆ. ಶಾಲೆಗೆ, ಹಳ್ಳಿ ರಸ್ತೆಗೆ ಹೊಂದುವುದಿಲ್ಲ. ಹಾಗಾಗಿ ಹಣ ಹೊರಬಂದದ್ದು ಕಡಿಮೆ.

ಸಿಡಬ್ಲ್ಯುಎ ಹುಟ್ಟಿದ್ದು 1933ರ ನವೆಂಬರ್ 9ರಂದು. ಹ್ಯಾರಿ ಹಾಪ್ಕಿನ್ಸ್ ಅದನ್ನು ನಡೆಸಿದರು. ಜನವರಿ ನಡುವಿನ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಜನ ಕೆಲಸದಲ್ಲಿದ್ದರು. ಈ ವೇಗಕ್ಕೆ ಎರಡು ಕಾರಣ. ಸಂಬಳ ಹಂಚಲು ಹೊಸ ಕಚೇರಿ ಕಟ್ಟುತ್ತ ಕೂರದೆ ಮಾಜಿ ಸೈನಿಕರ ಇಲಾಖೆಯ ಚೆಕ್ ವ್ಯವಸ್ಥೆಯನ್ನೇ ಬಳಸಿಕೊಂಡರು. ಜೊತೆಗೆ ಅರ್ಧದಷ್ಟು ಕೆಲಸವನ್ನು ಪರಿಹಾರ ಪಟ್ಟಿಯ (ಸರ್ಕಾರದ ನೆರವು ಪಡೆಯುತ್ತಿದ್ದ ಬಡವರ ಪಟ್ಟಿ) ಹೊರಗಿನವರಿಗೂ ಇಟ್ಟರು. ನಿರುದ್ಯೋಗಿ ಎಂದರೆ ಸಾಕು, ಮನೆಯ ಬಡತನವನ್ನು ಸಾಬೀತು ಮಾಡಬೇಕಿರಲಿಲ್ಲ. ಈ ಸೇವೆಯ ಅತ್ಯುತ್ತಮ ಗುಣ ಇದು; ಮುಂದೆ ಬಂದ ಡಬ್ಲ್ಯುಪಿಎ ಇದನ್ನು ಕೈಬಿಟ್ಟದ್ದು ದೊಡ್ಡ ನಷ್ಟ. ಸಾದಾ ಕೂಲಿಗೆ ಉತ್ತರದಲ್ಲಿ ಗಂಟೆಗೆ 50 ಸೆಂಟ್, ದಕ್ಷಿಣದಲ್ಲಿ 40. ವಾರಕ್ಕೆ 30 ಗಂಟೆ. ಕೆಟ್ಟದ್ದು ಎಲ್ಲೆಂದರೆ ಸಿದ್ಧತೆಯಲ್ಲಿ. ಚಳಿಗಾಲದ ಹೆಪ್ಪುಗಟ್ಟಿದ ನೆಲಕ್ಕೆ ಸನಿಕೆಯೂ ಸಾಲದೆ, ನಕ್ಷೆಯೂ ಇಲ್ಲದೆ ಆಳುಗಳನ್ನು ಇಳಿಸಿದ ಕಡೆ ಕೆಲಸ ಹಾಳಾಯಿತು. ಖರ್ಚು ಏರಿದಾಗ ಜನವರಿಯಲ್ಲಿ ನಗರಗಳಲ್ಲಿ 24 ಗಂಟೆಗೆ, ಹಳ್ಳಿಗಳಲ್ಲಿ 15 ಗಂಟೆಗೆ ಇಳಿಸಿದರು. ಮಾರ್ಚ್ ಕೊನೆಗೆ ಬಾಗಿಲು ಹಾಕಿದರು.

ದೊಡ್ಡ ಕಾಮಗಾರಿಗಳ ಸಂಸ್ಥೆ ಪಿಡಬ್ಲ್ಯುಎಗೆ (ಪಬ್ಲಿಕ್ ವರ್ಕ್ಸ್ ಅಡ್ಮಿನಿಸ್ಟ್ರೇಷನ್) 1933ರ ಜೂನ್ ಕಾಯ್ದೆಯಲ್ಲಿ 330 ಕೋಟಿ ಡಾಲರ್ ಸಿಕ್ಕಿತು. ಅದರ ಮುಖ್ಯಸ್ಥ ಹ್ಯಾರೋಲ್ಡ್ ಇಕೀಸ್ ಪ್ರತಿ ಕಡತವನ್ನೂ ಜಾಲಾಡಿಸುತ್ತಿದ್ದರು. ಲಂಚ ಕಡಿಮೆ, ಕಟ್ಟಡ ಗಟ್ಟಿ, ಆದರೆ ಹಸಿದವನಿಗೆ ತಡ. ನ್ಯೂಯಾರ್ಕಿನ ಟ್ರೈಬರೋ ಸೇತುವೆಯಂಥದ್ದು ಬೇಕಿದ್ದರೆ ಇದೇ ಸರಿಯಾದ ದಾರಿ.

ಈಗ ಡಬ್ಲ್ಯುಪಿಎ. 1935ರ ಏಪ್ರಿಲ್ 8ರ ತುರ್ತು ಪರಿಹಾರ ಧನವಿನಿಯೋಗ ಕಾಯ್ದೆ ಸುಮಾರು 488 ಕೋಟಿ ಡಾಲರ್ ಒದಗಿಸಿತು. ಮೇ 6ರಂದು ಅಧ್ಯಕ್ಷ ರೂಸ್‌ವೆಲ್ಟ್ ಆದೇಶದಿಂದ ಸಂಸ್ಥೆ ಹುಟ್ಟಿತು. 1943ರವರೆಗೆ ಒಟ್ಟು 85 ಲಕ್ಷ ಜನ ಇಲ್ಲಿ ದುಡಿದರು.

ಕೆಲಸಕ್ಕೆ ಸೇರುವ ಕ್ರಮ ಹೀಗಿತ್ತು. ಮೊದಲು ಸ್ಥಳೀಯ ಪರಿಹಾರ ಕಚೇರಿಗೆ ಅರ್ಜಿ. ತನಿಖೆಯವರು ಆದಾಯ, ಆಸ್ತಿ, ನೆರವಾಗಬಲ್ಲ ಬಂಧುಗಳ ಬಗ್ಗೆ ವಿಚಾರಿಸುತ್ತಿದ್ದರು. ಅಗತ್ಯವಿದೆ ಎಂದು ದೃಢಪಟ್ಟರೆ ಉದ್ಯೋಗ ವಿನಿಮಯ ಕಚೇರಿಯಲ್ಲಿ ನೋಂದಣಿ, ಆಮೇಲೆ ಕುಶಲ, ಅರೆಕುಶಲ, ಸಾದಾ ಎಂಬ ವಿಂಗಡಣೆ. ಒಂದು ಕುಟುಂಬಕ್ಕೆ ಒಂದೇ ಕೆಲಸ. ಗಂಡ ಆರೋಗ್ಯವಾಗಿದ್ದರೆ ಅದು ಅವನಿಗೇ ಹೋಗುತ್ತಿತ್ತು, ಹೀಗಾಗಿ ಹೆಂಗಸರ ಪಾಲು ಐದರಲ್ಲೊಂದಕ್ಕಿಂತ ಕಡಿಮೆ. ಸಿಕ್ಕವರಲ್ಲೂ ಬಹುಪಾಲು ಹೊಲಿಗೆ ಕೇಂದ್ರಗಳಿಗೆ. ದೃಢೀಕರಣ ಸ್ಥಳೀಯರ ಕೈಯಲ್ಲಿದ್ದದ್ದರಿಂದ ದಕ್ಷಿಣದ ಕಪ್ಪು ಜನರಿಗೆ ಅನ್ಯಾಯವಾಯಿತು. ಹತ್ತಿ ಬಿಡಿಸುವ ಕಾಲ ಬಂದರೆ ಜಮೀನ್ದಾರರಿಗೆ ಅಗ್ಗದ ಆಳು ಸಿಗಲೆಂದು ಕೂಲಿಯವರನ್ನು ಪಟ್ಟಿಯಿಂದ ಬಿಡುತ್ತಿದ್ದರು.

ಸಂಬಳ ತಿಂಗಳಿಗೆ 19ರಿಂದ 94 ಡಾಲರ್; ಪ್ರದೇಶ, ಊರಿನ ಗಾತ್ರ, ಕೌಶಲ್ಯ ನೋಡಿ ನಿಗದಿ. ಉತ್ತರದ ದೊಡ್ಡ ನಗರದಲ್ಲಿ ಸಾದಾ ಕೂಲಿಗೆ 55, ಕುಶಲ ಕೆಲಸಗಾರನಿಗೆ 85. ಇಲ್ಲೊಂದು ತೊಡಕು ಹುಟ್ಟಿತು. 1936ರಿಂದ ಗಂಟೆಯ ದರ ಊರಲ್ಲಿ ಚಾಲ್ತಿಯಿರುವ ದರಕ್ಕೆ ಸಮನಾಗಬೇಕು ಎಂದಾಯಿತು, ತಿಂಗಳ ಮೊತ್ತ ಮಾತ್ರ ಹಾಗೇ ಉಳಿಯಿತು. ಗಂಟೆಗೆ ಒಂದೂವರೆ ಡಾಲರ್ ದರದ ಗಾರೆಯವನು 57 ಗಂಟೆಯಲ್ಲಿ 85 ಮುಟ್ಟಿ ಮನೆಗೆ ಹೋಗುತ್ತಾನೆ. 50 ಸೆಂಟಿನ ಕೈಯಾಳಿಗೆ 55 ಡಾಲರ್ ಆಗಲು 110 ಗಂಟೆ ಬೇಕು. ಗೋಡೆ ಅರ್ಧಕ್ಕೆ ನಿಂತು ಕೈಯಾಳು ಕಲ್ಲು ಹೊತ್ತುಕೊಂಡು ಕಾಯಬೇಕು. ಕೆಲಸಗಾರರು ಸೋಮಾರಿಗಳು, ಸನಿಕೆಗೆ ಒರಗಿ ನಿಲ್ಲುವವರು ಎಂಬ ಅಪವಾದ ಆಗ ಬಹಳ ಕೇಳಿಬರುತ್ತಿತ್ತು. ಅದರಲ್ಲಿ ಈ ಹೊಂದಾಣಿಕೆಯಿಲ್ಲದ ವೇಳಾಪಟ್ಟಿಯ ಪಾಲೂ ಇತ್ತು. ಆಳಿನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ.

ಊರಿನ ಕಡೆಯಿಂದ: ಪುರಸಭೆ, ಕೌಂಟಿ (ರಾಜ್ಯದೊಳಗಿನ ಸ್ಥಳೀಯ ಆಡಳಿತ ಘಟಕ) ಅಥವಾ ಶಾಲಾ ಮಂಡಳಿ ಕಾಮಗಾರಿಯ ಪ್ರಾಯೋಜಕ. ಜಾಗ ಸಾರ್ವಜನಿಕವಾಗಿರಬೇಕು, ನಕ್ಷೆ, ಅಂದಾಜು ಪಟ್ಟಿ, ತನ್ನ ಪಾಲಿನ ಹಣ ಅಥವಾ ಸಾಮಗ್ರಿ ತೋರಿಸಬೇಕು. ಕಡತ ಜಿಲ್ಲೆ, ರಾಜ್ಯ ಕಚೇರಿ ದಾಟಿ ವಾಷಿಂಗ್ಟನ್‌ಗೆ. ಮಂಜೂರಾದವನ್ನು ಸಾಲಾಗಿ ಇಟ್ಟುಕೊಂಡು, ಊರಲ್ಲಿ ಯಾವ ಕೌಶಲ್ಯದವರು ಖಾಲಿ ಇದ್ದಾರೆ ಎಂದು ನೋಡಿ ಆರಂಭಿಸುತ್ತಿದ್ದರು. ಇದು ಜಾಣ ಏರ್ಪಾಡು. ಒಕ್ಕೂಟ ಸರ್ಕಾರದ ಹಣ ಬಹುಪಾಲು ಕೂಲಿಗೇ ಹೋಗುತ್ತಿದ್ದುದರಿಂದ ಜಲ್ಲಿ, ಸಿಮೆಂಟು, ಯಂತ್ರಕ್ಕೆ ಊರೇ ಕೈಹಾಕಬೇಕು. ನಮ್ಮ 2005ರ ಉದ್ಯೋಗ ಖಾತರಿ ಕಾಯ್ದೆಯ 60:40 ಕೂಲಿ-ಸಾಮಗ್ರಿ ಅನುಪಾತ ಗೊತ್ತಿದ್ದವರಿಗೆ ಈ ಇಕ್ಕಟ್ಟು ಬಿಡಿಸಿ ಹೇಳಬೇಕಿಲ್ಲ.

ಈ ಮಿತಿಯೊಳಗೆ ಅದ್ಭುತವಾಗಿ ಹೊಂದಿಕೊಂಡ ಕೆಲಸ ಶೌಚಾಲಯ. ಮನೆಯವರು ಸಾಮಗ್ರಿ ತರುತ್ತಾರೆ, ಡಬ್ಲ್ಯುಪಿಎ ಆಳು ಕೊಡುತ್ತದೆ: ಗುಂಡಿ, ಕಾಂಕ್ರೀಟ್ ನೆಲ, ನೊಣ ಹೋಗದ ಮುಚ್ಚಳ, ಗಾಳಿ ಕೊಳವೆ. ಹೀಗೆ 20 ಲಕ್ಷಕ್ಕೂ ಹೆಚ್ಚು ಕಟ್ಟಿದರು. ಓರೆಗಾನ್‌ನ ಟಿಂಬರ್‌ಲೈನ್ ಲಾಡ್ಜ್, ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣಗಳ ಚಿತ್ರ ಎಲ್ಲೆಡೆ ಕಾಣುತ್ತದೆ, ಈ ಶೌಚಾಲಯಗಳದ್ದು ಕಾಣುವುದಿಲ್ಲ. ಹಳ್ಳಿಗಳ ಆರೋಗ್ಯಕ್ಕೆ ಅವು ಕೊಟ್ಟ ಕೊಡುಗೆ ದೊಡ್ಡದು.

ಸೇವೆಯನ್ನು ಕೆಡಿಸಿದ್ದು 1939ರ ಜೂನ್ 30ರ ಕಾಯ್ದೆ. ಎಲ್ಲರಿಗೂ ತಿಂಗಳಿಗೆ 130 ಗಂಟೆ ಎಂದಿತು. ವೇಳಾಪಟ್ಟಿಯ ತೊಡಕು ನೀಗಿತು, ಆದರೆ ಕುಶಲ ಕೆಲಸಗಾರನ ಗಂಟೆಯ ದರ ಒಮ್ಮೆಲೇ ಕುಸಿಯಿತು; ಜುಲೈನಲ್ಲಿ ಊರೂರಲ್ಲಿ ಮುಷ್ಕರ ನಡೆದವು. ಸತತ 18 ತಿಂಗಳು ದುಡಿದವರನ್ನು ಬಿಡಿಸಬೇಕೆಂದಿತು. ಹೊರಗೆ ಕೆಲಸ ಇದೆಯೋ ಇಲ್ಲವೋ ಎಂದು ಕೇಳದೆ, ಪಳಗಿದ ಕೈಗಳನ್ನೇ ಮೊದಲು ಕಳಿಸುವ ನಿಯಮ ಇದು. ಕೆಲಸವಿಲ್ಲದ ರಂಗಕರ್ಮಿಗಳಿಗೆ ಡಬ್ಲ್ಯುಪಿಎ ನಡೆಸುತ್ತಿದ್ದ ರಂಗಭೂಮಿ ಯೋಜನೆ ನಿಂತಿತು. ಒಂದೊಂದು ರಾಜ್ಯದಲ್ಲೂ ಪ್ರಾಯೋಜಕರ ಪಾಲು ಒಟ್ಟು ವೆಚ್ಚದ ಕಾಲು ಭಾಗವಾದರೂ ಇರಬೇಕು ಎಂಬ ಷರತ್ತೂ ಸೇರಿತು. ತೆರಿಗೆಯೇ ಬಾರದ ಬಡ ಕೌಂಟಿಗೆ ಕಾಲು ಭಾಗ ಹೊಂದಿಸುವುದೇ ಕಷ್ಟ. ಹೊಂದಿಸದಿದ್ದರೆ ಕಾಮಗಾರಿ ಇಲ್ಲ, ಕಾಮಗಾರಿ ಇಲ್ಲದಿದ್ದರೆ ದೃಢೀಕರಣ ಪತ್ರ ಕೈಯಲ್ಲಿದ್ದೂ ಕೂಲಿ ಇಲ್ಲ. ಒಂದೂವರೆ ಅಂಕ ಕಡಿತವಾಗಿರುವುದು ಬಹುಪಾಲು ಈ ಕಾಯ್ದೆಯಿಂದ, ಉಳಿದದ್ದು ಬಡತನದ ತನಿಖೆಯಿಂದ.