ಡ್ಯಾಶ್‌ಕ್ಯಾಮ್ ಹಾಕಿಸೋ ಮುಂಚೆ ಓದಿ: ಮಾವನ ಮನೆ ಸಂದಿಯಲ್ಲಿ ಸತ್ತು ನಿಂತ ನನ್ನ ಕಾರು

ಕಾರಿಗೆ ಡ್ಯಾಶ್‌ಕ್ಯಾಮ್ (ಮುಂದಿನ ರಸ್ತೆ ರೆಕಾರ್ಡ್ ಮಾಡೋ ಪುಟ್ಟ ಕ್ಯಾಮೆರಾ) ಹಾಕಿಸಬೇಕು ಅಂತಿದ್ದೀರಾ? ಹಾಕಿಸಿ, ಬೇಡ ಅನ್ನಲ್ಲ. ಆದರೆ ಅದಕ್ಕೆ ವೈರ್ ಎಲ್ಲಿಂದ ಎಳೆಯುತ್ತಾರೆ ಅಂತ ಪಕ್ಕದಲ್ಲೇ ನಿಂತು ನೋಡಿ. ನಾನು ನೋಡಲಿಲ್ಲ. ಎದುರಿನ ಹೋಟೆಲಲ್ಲಿ ಸೆಟ್ ದೋಸೆ ತಿನ್ನುತ್ತಾ ಕೂತಿದ್ದೆ. ಆ ದೋಸೆ ಕೊನೆಗೆ 41 ಸಾವಿರಕ್ಕೆ ಬಿತ್ತು.

ಕಾರು ತಗೊಂಡು ಐದು ತಿಂಗಳಾಗಿತ್ತು. ಆಟೋಮ್ಯಾಟಿಕ್ ಗೇರು, ಬಟನ್ ಸ್ಟಾರ್ಟು, ಹ್ಯಾಂಡ್‌ಬ್ರೇಕ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಸ್ವಿಚ್ಚು. ಡೆಲಿವರಿ ದಿನ ಶೋರೂಮಿನ ಹುಡುಗ ಹಾರ ಹಾಕಿಸಿ, ಫೋಟೋ ತೆಗೆಸಿ, ಸನ್‌ರೂಫ್ ತೆಗೆಯೋದು ಹೇಗೆ, ಒಳಗಿನ ಲೈಟಿನ ಬಣ್ಣ ಬದಲಾಯಿಸೋದು ಹೇಗೆ ಅಂತ ಅರ್ಧ ಗಂಟೆ ತೋರಿಸಿದ. ಬ್ಯಾಟರಿ ಪೂರ್ತಿ ಸತ್ತರೆ ಬಾಗಿಲು ತೆಗೆಯೋದು ಹೇಗೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಕಾರಿನ ಮುಂದೆ ನಿಂತು ಯಾರಾದರೂ ಅದನ್ನು ಕೇಳ್ತಾರಾ?

ಡ್ಯಾಶ್‌ಕ್ಯಾಮ್ ಹಾಕಿಸಿದ್ದು ಮೈಸೂರಿನ ಒಂದು ಆಕ್ಸೆಸರಿ ಅಂಗಡಿಯಲ್ಲಿ. "ಪಾರ್ಕಿಂಗ್ ಮೋಡ್ ಇದೆ ಸಾರ್, ಗಾಡಿ ಆಫ್ ಆಗಿದ್ರೂ ರೆಕಾರ್ಡ್ ಆಗ್ತಾನೇ ಇರುತ್ತೆ" ಅಂದರು. ಖುಷಿಯಾಯಿತು. ಗಾಡಿ ಆಫ್ ಆಗಿದ್ದಾಗ ಅದಕ್ಕೆ ಕರೆಂಟ್ ಯಾರ ಮನೆಯಿಂದ ಬರುತ್ತೆ ಅಂತ ತಲೆಗೆ ಹೊಳೆಯಲಿಲ್ಲ.

ನನ್ನ ಮಾವನ ಮನೆ ಪಾಂಡವಪುರದ ಹತ್ತಿರ. ಊರ ಹಬ್ಬಕ್ಕೆ ಅಂತ ಹೋಗಿ ಆರು ದಿನ ಇದ್ದೆವು. ಕಾರನ್ನು ಮನೆ ಪಕ್ಕದ ಸಂದಿಯಲ್ಲಿ ನಿಲ್ಲಿಸಿದ್ದೆ. ಓಡಾಟಕ್ಕೆಲ್ಲ ಬಾಮೈದನ ಬೈಕು. ಏಳನೇ ದಿನ ಬೆಳಗಿನ ಜಾವ 5 ಗಂಟೆಗೆ ಹೊರಡಬೇಕಿತ್ತು. ಬ್ಯಾಗ್ ಹಿಡಿದು ಬಂದು ಕೀ ಒತ್ತಿದೆ. ಕನ್ನಡಿ ಬಿಚ್ಚಿಕೊಳ್ಳಲಿಲ್ಲ, ಇಂಡಿಕೇಟರ್ ಮಿನುಗಲಿಲ್ಲ. ಕೀ ಒಳಗಿನ ಸೆಲ್ ಹೋಗಿರಬೇಕು ಅಂತ ಅಂಗಿಗೆ ಉಜ್ಜಿ, ಬಾಯಿಂದ ಊದಿ, ಮತ್ತೆ ಒತ್ತಿದೆ. ಊಹೂಂ.

ಅಷ್ಟರಲ್ಲಿ ಸಂದಿಯ ಒಳಗಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿತು. ಕಾರ್ಖಾನೆಗೆ ಹೊರಟಿದ್ದು. ಕಡಿದ ಕಬ್ಬು ಒಣಗಿದಷ್ಟೂ ತೂಕ ಇಳಿಯುತ್ತೆ, ಯಾರ ಕಾರಿಗೂ ಅದು ಕಾಯಲ್ಲ.

"ಅಳಿಯಂದ್ರೇ, ಎಲ್ಲಾ ಒಂದೊಂದ್ ಕೈ ಹಾಕಿ ತಳ್ಳುಮ ಬುಡಿ" ಅಂದರು ಮಾವ. ಆರು ಜನ ಕೈ ಹಾಕಿದರು. ಕಾರು ಕೂತಲ್ಲೇ ಒಂದು ಸಲ ಅಲ್ಲಾಡಿ ಸುಮ್ಮನಾಯಿತು. ಗೇರು ‘ಪಿ’ಯಲ್ಲಿ, ಅಂದರೆ ಪಾರ್ಕಿಂಗಲ್ಲಿ ಲಾಕ್, ಹಿಂದಿನ ಚಕ್ರಗಳಿಗೆ ಎಲೆಕ್ಟ್ರಿಕ್ ಬ್ರೇಕು. ಅದನ್ನು ಬಿಡಿಸೋಕೂ ಕರೆಂಟೇ ಬೇಕು. "ನಮ್ ಗಾಡಿಗೆ ಬೀಗಾನೂ ಇಲ್ಲ, ಬ್ಯಾಟ್ರಿನೂ ಇಲ್ಲ ಕಣಿ" ಅಂತ ಮಾವ ಎತ್ತಿನ ಗಾಡಿ ಕಡೆ ಕೈ ತೋರಿಸಿದರು. ಆವತ್ತು ಅವರಿಗೆ ಉತ್ತರ ಕೊಡೋ ಸ್ಥಿತಿಯಲ್ಲಿ ನಾನಿರಲಿಲ್ಲ.

ಗಾಜು ಒಡೆಯೋಣ ಅನ್ನೋವರೆಗೂ ಮಾತು ಹೋಗಿತ್ತು. ಬಾಮೈದ ಯಾರಿಗೋ ಫೋನ್ ಹಚ್ಚಿದ. ಆ ಪುಣ್ಯಾತ್ಮ ನಿದ್ದೆಗಣ್ಣಲ್ಲೇ ಹೇಳಿದ, "ಕೀ ಒಳಗೇ ಇನ್ನೊಂದು ಕೀ ಇರುತ್ತೆ ನೋಡು." ಪಕ್ಕದ ಸಣ್ಣ ಲಾಕ್ ಜಾರಿಸಿ ಎಳೆದರೆ ಹೌದು, ಕಡ್ಡಿಯಂಥ ಒಂದು ತೆಳು ಕಬ್ಬಿಣದ ಕೀ. ಐದು ತಿಂಗಳು ಜೇಬಲ್ಲಿಟ್ಟುಕೊಂಡು ತಿರುಗಿದ್ದೀನಿ! ಸರಿ, ತೂರಿಸೋದೆಲ್ಲಿಗೆ? ಡ್ರೈವರ್ ಬಾಗಿಲಲ್ಲಿ ತೂತೇ ಕಾಣಲಿಲ್ಲ. ಹ್ಯಾಂಡಲ್ಲಿನ ತುದಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ, ಅದರ ಅಡಿಯಲ್ಲಿ ಉಗುರು ಹೋಗೋಷ್ಟು ಸೀಳು. ಅದಕ್ಕೆ ಅದೇ ಕೀ ಹಾಕಿ ಮೀಟಿದರೆ ಮುಚ್ಚಳ ಕಿತ್ತು ಬರುತ್ತೆ, ಒಳಗೆ ಬೀಗದ ತೂತು. ಎಲ್ಲ ಕಾರಲ್ಲೂ ಹೀಗೇ ಇರಲ್ಲ, ನಿಮ್ಮದರಲ್ಲಿ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.

ಇಲ್ಲಿಗೇ ನಿಲ್ಲಿಸಿ ಕಾರು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ್ದರೆ ಕಥೆ ಮುಗಿಯುತ್ತಿತ್ತು. ಆ ನಂಬರಿನ ಸ್ಟಿಕ್ಕರ್ ಮುಂದಿನ ಗಾಜಿಗೆ ಅಂಟಿಸಿದ್ದರು. ಅದನ್ನು ಕಿತ್ತು ಆ ಜಾಗಕ್ಕೇ ಡ್ಯಾಶ್‌ಕ್ಯಾಮ್ ಅಂಟಿಸಿದ್ದ ಅಂಗಡಿಯವನು.

ಬಾನೆಟ್ ತೆಗೆದೆವು. ನನ್ನ ಹತ್ತಿರ ಒಳ್ಳೆಯ ಜಂಪರ್ ಕೇಬಲ್ (ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡೋ ವೈರು) ಇತ್ತು, ಆದರೆ ಡಿಕ್ಕಿಯಲ್ಲಿ. ಡಿಕ್ಕಿ ತೆರೆಯೋದು ಕರೆಂಟಿನಿಂದ! ಕೊನೆಗೆ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಬಿಚ್ಚಿ ಹೊತ್ತು ತಂದರು. ಅದೂ 12 ವೋಲ್ಟೇ, ತೊಂದರೆ ಇಲ್ಲ. ವೈರಿಗೆ ಪಂಪ್‌ಸೆಟ್ಟಿನ ಕೇಬಲ್ ತುಂಡು ಎರಡು, ಎರಡೂ ಕಪ್ಪು. ಬ್ಯಾಟರಿ ಮೇಲೆ ವರ್ಷಗಳ ಗ್ರೀಸು, ಕೆಮ್ಮಣ್ಣು. ಪ್ಲಸ್ ಯಾವುದು ಮೈನಸ್ ಯಾವುದು ಅಂತ ಮೊಬೈಲ್ ಟಾರ್ಚಲ್ಲಿ ನಾನೇ ನೋಡಿ, ನಾನೇ ಹೇಳಿದೆ. ತಪ್ಪು ಹೇಳಿದೆ. ಚಟ್ ಅಂತ ಕಿಡಿ ಹಾರಿತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು, ಎಲ್ಲರೂ ಎರಡು ಹೆಜ್ಜೆ ಹಿಂದೆ ಹೋದರು.

ಕೊನೆಗೆ ಬಂದ ಕಂಪನಿಯ ಸಹಾಯವಾಣಿಯವರು ನೋಡಿ, ಜಂಪ್ ಸ್ಟಾರ್ಟ್ ಆಗಿದ್ದರೆ ಫ್ರೀ, ನೀವೇ ಕೈ ಹಾಕಿ ಸುಟ್ಟಿದ್ದಕ್ಕೆ ಇಲ್ಲ ಅಂದರು. ಗೇರಿನ ಪಕ್ಕದ ಸಣ್ಣ ಮುಚ್ಚಳ ತೆಗೆದು, ಒಳಗೆ ಸ್ಕ್ರೂಡ್ರೈವರ್ ಒತ್ತಿ ನ್ಯೂಟ್ರಲ್‌ಗೆ ತಂದರು. ಹಿಂದಿನ ಚಕ್ರಗಳ ಕೆಳಗೆ ಗಾಲಿ ಇರೋ ಹಲಗೆ ಕೊಟ್ಟು ಲಾರಿ ಮೇಲಕ್ಕೆ ಎಳೆದರು. ಮೈಸೂರಿಗೆ 4,500 ರೂಪಾಯಿ. ಕಬ್ಬಿನ ಟ್ರ್ಯಾಕ್ಟರ್ ಹೊರಟಾಗ ಹನ್ನೊಂದು ಗಂಟೆ.

ಸರ್ವಿಸ್ ಸೆಂಟರಲ್ಲಿ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಭಾಗ), ಮೇನ್ ಫ್ಯೂಸು, ಬ್ಯಾಟರಿ, ಕೂಲಿ ಎಲ್ಲ ಸೇರಿ 36,500. ಕಾರಿನ ವೈರ್ ಕತ್ತರಿಸಿ ಟೇಪ್ ಸುತ್ತಿರೋದರಿಂದ ವಾರಂಟಿ ಇಲ್ಲ. ಅಲ್ಲಿನ ಎಲೆಕ್ಟ್ರಿಷಿಯನ್ ಒಳ್ಳೆಯವರು, ಲೆಕ್ಕ ಹಾಕಿ ತೋರಿಸಿದರು. ಬೀಗ ಹಾಕಿ ನಿಂತ ಕಾರು ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಜಾಸ್ತಿ ಎಳೆಯಬಾರದು. ನನ್ನ ಡ್ಯಾಶ್‌ಕ್ಯಾಮ್ ಒಂದೇ 0.3 ಎಳೆಯುತ್ತಿತ್ತು. ಅಂದರೆ ದಿನದ 24 ಗಂಟೆಗೆ ಸುಮಾರು ಏಳು ಆಂಪಿಯರ್ ಅವರ್. ನನ್ನ ಬ್ಯಾಟರಿ 45ರದ್ದು. ಆರು ದಿನಕ್ಕೆ ಸರಿಯಾಗಿ ಬರಿದು.

ಪಾರ್ಕಿಂಗ್ ಮೋಡ್ ಬೇಕೇ ಬೇಕು ಅಂದರೆ ವೋಲ್ಟೇಜ್ ಇಳಿದ ಕೂಡಲೇ ತಾನೇ ಕಟ್ ಮಾಡೋ ಕಿಟ್ ಬರುತ್ತೆ. ಅದನ್ನು ವೈರ್ ಕತ್ತರಿಸದೆ ಫ್ಯೂಸ್ ಬಾಕ್ಸಿನಿಂದಲೇ ಕೊಡಬಹುದು. ನನಗೆ ಅದನ್ನು ಹಾಕಿರಲೇ ಇಲ್ಲ. ಈಗ ನಾನು ಚಾರ್ಜರ್ ಸಾಕೆಟ್ಟಿಗೇ ಸಿಕ್ಕಿಸಿದ್ದೀನಿ, ಗಾಡಿ ಆಫ್ ಆದರೆ ಅದೂ ಆಫ್. ಜಂಪರ್ ಕೇಬಲ್ ಡಿಕ್ಕಿಯಿಂದ ಸೀಟಿನ ಕೆಳಗೆ ಬಂದಿದೆ. ಅದನ್ನು ಕೊಡೋ ಕ್ರಮವನ್ನೂ ಆ ಎಲೆಕ್ಟ್ರಿಷಿಯನ್ನೇ ಹೇಳಿಕೊಟ್ಟರು: ಮೊದಲು ಕೆಂಪು ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯದರ ಪ್ಲಸ್ಸಿಗೆ, ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಮಾತ್ರ ಬ್ಯಾಟರಿಗಲ್ಲ, ಅದರಿಂದ ದೂರದಲ್ಲಿ, ಸತ್ತ ಕಾರಿನ ಇಂಜಿನ್ನಿನ ಬಣ್ಣ ಇಲ್ಲದ ಲೋಹಕ್ಕೆ. ಬ್ಯಾಟರಿಯಿಂದ ಬರೋ ಗ್ಯಾಸಿಗೆ ಕಿಡಿ ತಾಗಬಾರದು ಅಂತ.

ಇನ್ನೊಂದು. ಬರೀ ಕೀ ಸೆಲ್ ಸತ್ತಿದ್ದರೆ ಇಷ್ಟೆಲ್ಲ ರಾಮಾಯಣ ಇಲ್ಲ. ಕಬ್ಬಿಣದ ಕೀಯಲ್ಲಿ ಬಾಗಿಲು ತೆಗೆದು, ಬ್ರೇಕ್ ತುಳಿದು, ಸೆಲ್ ಸತ್ತ ರಿಮೋಟ್ ಕೀಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಎಷ್ಟೋ ಕಾರುಗಳು ಸ್ಟಾರ್ಟ್ ಆಗುತ್ತವೆ. ಅಲಾರಂ ಕಿರುಚಬಹುದು, ಹೆದರಬೇಡಿ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಮಾವ ಸಂದಿಗೆ ಬಿಡಲಿಲ್ಲ. "ಇಲ್ಲೇ ರೋಡ್ ಮೇಲೆ ಇಳಿಜಾರಿಗೆ ಮುಖ ಮಾಡಿ ನಿಲ್ಸಿ, ಕೆಟ್ರೂ ಉರುಳಿಸ್ಕಂಡ್ ಸ್ಟಾರ್ಟ್ ಮಾಡ್ಬೋದು" ಅಂದರು. ಅವರ ಹಳೇ ಮಾರುತಿ 800 ಹಾಗೇ ಸ್ಟಾರ್ಟ್ ಆಗುತ್ತಿತ್ತಂತೆ. ಆಟೋಮ್ಯಾಟಿಕ್ ಕಾರು ಹಾಗೆ ಸ್ಟಾರ್ಟ್ ಆಗಲ್ಲ ಅಂತ ಹೇಳೋ ಧೈರ್ಯ ಬರಲಿಲ್ಲ. ಅವರು ತೋರಿಸಿದ ಕಡೆಗೇ ನಿಲ್ಲಿಸಿ ಬಂದೆ.