ಟರ್ಪೆಂಟೈನ್ ಸೋಸೋಕೆ ಪಂಪು-ಫಿಲ್ಟರಾ, ಎರಡು ಎಣ್ಣೆ ಡಬ್ಬವಾ?

ಬೈಕಿನ ಎಂಜಿನ್ ಭಾಗ ತೊಳೆದು ಕೊಳೆಯಾದ ಟರ್ಪೆಂಟೈನನ್ನು ಮತ್ತೆ ಬಳಸೋಕೆ ಯಾವ ದಾರಿ ಒಳ್ಳೇದು? ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ಎಣ್ಣೆ ಡಬ್ಬಕ್ಕೆ. ಪಂಪು, ಪೈಪು, ಕಾರಿನ ಆಯಿಲ್ ಫಿಲ್ಟರು, ಲೇತ್ ಕೂಲಿ ಎಲ್ಲಾ ಸೇರಿ ಸಾವಿರದ ಐನೂರರ ಹತ್ತಿರ ಸುರಿದು, ಕೊನೆಗೆ ಎಲ್ಲವನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿದ ಮೇಲೆ ಬರೀತಿರೋದು ಇದು.

ನಮ್ಮದು ಮಂಡ್ಯ. ಮನೆ ಹಿಂದಿನ ಶೀಟ್ ಶೆಡ್ಡಲ್ಲಿ ಭಾನುವಾರ ಬಂದರೆ ಹಳೇ ಯೆಜ್ದಿ ಬೈಕು ಬಿಚ್ಚಿ ಕಟ್ಟೋ ಚಾಳಿ ನನಗೆ. ಮೈಸೂರಿನ ಯಾದವಗಿರಿ ಫ್ಯಾಕ್ಟರಿ 1996ರಲ್ಲೇ ಬಾಗಿಲು ಹಾಕಿತು, ಆದರೆ ಅಲ್ಲಿಂದ ಹೊರಟ ಗಾಡಿಗಳು ಈ ಕಡೆಯ ಕೊಟ್ಟಿಗೆಗಳಲ್ಲಿ ಇನ್ನೂ ಸಿಗ್ತವೆ. ಗ್ರೀಸು, ಮಣ್ಣು, ಒಣಗಿದ ಸಗಣಿ ಬೆರಳು ದಪ್ಪ ಮೆತ್ತಿರುತ್ತೆ. ತೊಳೆಯೋಕೆ ಗುಜರಿ ಅಂಗಡಿಯ ಸ್ಟೀಲ್ ಸಿಂಕು, ಅದರ ಬಾಯಿಗೆ ಕೆಳಗೊಂದು ಡಬ್ಬ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗಲ್ಲವಾದ್ದರಿಂದ ಪೇಂಟ್ ಅಂಗಡಿಯ ಟರ್ಪೆಂಟೈನು, ಅಂದರೆ ಪೆಟ್ರೋಲಿಯಂನಿಂದ ಬರೋ ಎಂಟಿಓ (ಮಿನರಲ್ ಟರ್ಪೆಂಟೈನ್ ಆಯಿಲ್). ಒಂದು ಸಲ ತೊಳೆದು ಚೆಲ್ಲೋಷ್ಟು ಅಗ್ಗದ್ದಲ್ಲ ಅದು.

ಪೆಟ್ರೋಲಲ್ಲಿ ತೊಳೆಯೋರಿಗೆ ಒಂದೇ ಮಾತು: ಬೇಡ. ಸೊನ್ನೆಗಿಂತ 40 ಡಿಗ್ರಿ ಕೆಳಗಿದ್ದರೂ ಕಿಡಿಗೆ ಹೊತ್ತಿಕೊಳ್ಳೋಷ್ಟು ಆವಿ ಬಿಡೋ ಪದಾರ್ಥ ಅದು. ಟರ್ಪೆಂಟೈನಿಗೆ 30ರಿಂದ 40 ಡಿಗ್ರಿ ಬೇಕು. ನಮ್ಮೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಅದೇನು ದೂರವಲ್ಲ, ಹಾಗಾಗಿ ಬೀಡಿ ಶೆಡ್ಡಿನಾಚೆಗೇ ಇರಲಿ.

ಇನ್ನು ಪಂಪಿನ ಕಥೆ. ಗದ್ದೆಗೆ ಔಷಧಿ ಹೊಡೆಯೋ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ ಪಂಪು ತಂದೆ. ಕಬ್ಬು, ಭತ್ತದ ಊರಲ್ಲಿ ಇದಕ್ಕೇನು ಬರ, ಯಾವ ಕೃಷಿ ಸಾಮಾನಿನ ಅಂಗಡಿಗೆ ಹೋದರೂ ಸಿಗುತ್ತೆ. ಮಾರುತಿ 800ರ ಆಯಿಲ್ ಫಿಲ್ಟರು ಕೂರಿಸೋಕೆ ಒಂದು ದಪ್ಪ ತಟ್ಟೆ ಕಡೆಸೋಕೆ ಹೋದರೆ ಲೇತ್ ಅಂಗಡಿಯವರು, "ಅಣ್ಣಾ, ಕಾರೇ ಇಲ್ಲ, ಫಿಲ್ಟರ್ ಮಾತ್ರ ತಗೊಂಡ್ರಾ?" ಅಂತ ನಕ್ಕರು. ಸುತ್ತಲಿನ ಸಣ್ಣ ತೂತುಗಳಿಂದ ಒಳಗೆ, ನಡುವಿನ ತಿರುಪಿನ ತೂತಿನಿಂದ ಹೊರಗೆ, ಹೀಗೇ ಹರೀಬೇಕು. ತಿರುಗಾಮುರುಗಾ ಕೊಟ್ಟರೆ ಒಳಗಿನ ರಬ್ಬರ್ ತಡೆ ಮುಚ್ಚಿಕೊಳ್ಳುತ್ತೆ. ಜೋಡಿಸಿದ ಮೊದಲಲ್ಲಿ ಸೊಗಸೇ ಸೊಗಸು. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಪೈಪು, ಕ್ಲಚ್ ಕೇಸಿನ ಮೂಲೆ ಮೂಲೆಗೂ ಧಾರೆ. ಇದನ್ನು ಡಬ್ಬ ಯಾವತ್ತೂ ಕೊಡಲ್ಲ, ಒಪ್ಪಿಕೊಳ್ತೀನಿ.

ಆಮೇಲೆ ಧಾರೆ ಸೊರಗೋಕೆ ಶುರುವಾಯಿತು. ಬ್ಯಾಟರಿ ಸರಿ ಇದೆ, ಪೈಪು ಕಟ್ಟಿಲ್ಲ, ಮೋಟಾರು ಮಾತ್ರ ಕೊರಗುಟ್ಟುತ್ತೆ. ಪಂಪಿನ ತಲೆ ಬಿಚ್ಚಿದರೆ ಒಳಗಿನ ಡಯಾಫ್ರಮ್, ಅಂದರೆ ದ್ರವ ತಳ್ಳೋ ರಬ್ಬರ್ ಪೊರೆ, ಊದಿಕೊಂಡು ಅಂಚೆಲ್ಲ ಅಲೆಅಲೆಯಾಗಿದೆ. ಮಳೆಯಲ್ಲಿ ನೆಂದ ಹಪ್ಪಳ ನೋಡಿದ ಹಾಗೆ. ಪುಟ್ಟ ವಾಲ್ವ್‌ಗಳೂ ಅಷ್ಟೇ, ತಮ್ಮ ಗೂಡಲ್ಲಿ ಕೂರದೆ ಎದ್ದು ನಿಂತಿವೆ. ಅಂಗಡಿಯವರು "ಎಲ್ಲಾದಕ್ಕೂ ಆಗುತ್ತೆ ಸಾರ್" ಅಂತಲೇ ಕೊಟ್ಟಿದ್ದು. ಎಲ್ಲಾದಕ್ಕೂ ಅಂದರೆ ನೀರಲ್ಲಿ ಕಲಸಿದ ಎಲ್ಲಾ ಔಷಧಿಗೂ ಅಂತ. ಇಂಥ ಪಂಪುಗಳಲ್ಲಿ ಇಪಿಡಿಎಂ ಜಾತಿಯ ರಬ್ಬರು ಹಾಕಿರ್ತಾರೆ. ನೀರಿಗೆ, ಬಿಸಿಲಿಗೆ ಅದು ಜಗ್ಗಲ್ಲ. ಪೆಟ್ರೋಲಿಯಂ ಎಣ್ಣೆ ಕಂಡರೆ ಮಾತ್ರ ಕುಡಿದು ಊದುತ್ತೆ. ನೈಟ್ರೈಲ್ ಅಥವಾ ವೈಟಾನ್ ರಬ್ಬರ್ ಇದ್ದರೆ ತಡೆಯುತ್ತೆ, ಆದರೆ ಅದನ್ನು ಹುಡುಕಿ ಹಾಕಿಸೋ ದುಡ್ಡಲ್ಲಿ ಇನ್ನೊಂದು ಪಂಪೇ ಬರುತ್ತೆ. ಪಾರದರ್ಶಕ ಪಿವಿಸಿ ಪೈಪೂ ಬರ್ತಾ ಬರ್ತಾ ಹಳದಿಯಾಗಿ ಕಡ್ಡಿ ಥರ ಸೆಟೆದುಕೊಂಡಿತು. ಅದನ್ನು ಮೆತ್ತಗಿಡೋ ಅಂಶವನ್ನೇ ಟರ್ಪೆಂಟೈನ್ ಹೀರಿಬಿಡುತ್ತೆ.

ಅದೂ ಹೋಗಲಿ ಅನ್ನಬಹುದಿತ್ತು. ನನ್ನ ಮನಸ್ಸು ಮುರಿದಿದ್ದು ಫಿಲ್ಟರಿನ ಬೈಪಾಸ್ ವಾಲ್ವ್. ಫಿಲ್ಟರಿನೊಳಗಿನ ಸೋಸೋ ಕಾಗದ ಕಟ್ಟಿಕೊಂಡು ಒತ್ತಡ ಹೆಚ್ಚುಕಮ್ಮಿ ಒಂದು ಬಾರ್ ದಾಟಿದರೆ ಅದು ತೆರೆದು, ಸೋಸದೇ ಇರೋದನ್ನೇ ಮುಂದಕ್ಕೆ ಬಿಡುತ್ತೆ. ಎಂಜಿನ್ನಿಗೆ ಅದು ಸರಿಯೇ, ಆಯಿಲ್ ಇಲ್ಲದೇ ಒಣಗೋದಕ್ಕಿಂತ ಕೊಳಕು ಆಯಿಲ್ ಮೇಲು. ತೊಳೆಯೋ ಸಿಂಕಿಗೆ ಇದು ತದ್ವಿರುದ್ಧ. ಧಾರೆ ಚೆನ್ನಾಗೇ ಬರ್ತಿರುತ್ತೆ, ನಾವೂ ಖುಷಿಯಾಗಿ ತೊಳೀತಿರ್ತೀವಿ, ಕ್ರ್ಯಾಂಕ್ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದರೆ ಕರಕರ ಮರಳು! ಪ್ರೆಶರ್ ಗೇಜ್ ಒಂದು ಇದ್ದಿದ್ದರೆ ಗೊತ್ತಾಗೋದು. ಅದಕ್ಕೆ ಬೇರೆ ಖರ್ಚು. ಮಣ್ಣಿನ ಜೊತೆ ಬರೋ ತೇವಕ್ಕೆ ಕಾಗದ ಊದಿ ಇನ್ನೂ ಬೇಗ ಕಟ್ಟಿಕೊಳ್ಳುತ್ತೆ.

ಡಬ್ಬದ ಪದ್ಧತಿಯಲ್ಲಿ ಕೆಟ್ಟುಹೋಗೋಕೆ ಏನೂ ಇಲ್ಲ. ಅಡುಗೆ ಎಣ್ಣೆಯ 15 ಕೆಜಿ ಡಬ್ಬ ಎರಡು. ಒಂದೊಂದಕ್ಕೂ ತಳದಿಂದ ನಾಲ್ಕು ಬೆರಳು ಮೇಲೆ ಹಿತ್ತಾಳೆ ನಲ್ಲಿ ಬೆಸುಗೆ ಹಾಕಿಸಿದೆ. ಈ ಭಾನುವಾರ ತೊಳೆದಿದ್ದು ಒಂದರಲ್ಲಿ ತಣ್ಣಗೆ ಕೂತಿರುತ್ತೆ, ಮುಂದಿನ ಭಾನುವಾರ ನಲ್ಲಿ ತಿರುಗಿಸಿ ತಿಳಿ ಬಸಿದುಕೊಂಡರಾಯಿತು. ಟರ್ಪೆಂಟೈನ್ ನೀರಿಗಿಂತ ಹಗುರ, ಲೀಟರಿಗೆ 800 ಗ್ರಾಮಿಗೂ ಸ್ವಲ್ಪ ಕಮ್ಮಿಯೇ ತೂಗುತ್ತೆ. ಅದಕ್ಕೇ ಮಣ್ಣು, ಲೋಹದ ಪುಡಿಯ ಜೊತೆ ನೀರೂ ತಳ ಸೇರುತ್ತೆ. ಕಾಗದದ ಫಿಲ್ಟರಿಗೆ ತಲೆನೋವಾಗಿದ್ದ ನೀರು ಇಲ್ಲಿ ತಾನಾಗೇ ಬೇರೆಯಾಗುತ್ತೆ. ಮುಚ್ಚಳ ಮಾತ್ರ ಬಿಗಿಯಾಗಿರಬೇಕು, ಇಲ್ಲದಿದ್ದರೆ ವಾಸನೆಗೆ ಮನೆಯವರ ಬೈಗುಳ ಗ್ಯಾರಂಟಿ.

ತಿಳಿ ಅಂದೆ ಅಂತ ಬೆಳ್ಳಗಿರುತ್ತೆ ಅಂದುಕೊಳ್ಳಬೇಡಿ. ಎಂಜಿನ್ ಆಯಿಲಿನ ಮಸಿ ಎಷ್ಟು ಸಣ್ಣದೆಂದರೆ ವಾರ ಬಿಟ್ಟರೂ ಕೂರಲ್ಲ, ಕಾರಿನ ಫಿಲ್ಟರಿಗೂ ಸಿಗಲ್ಲ. ಕಪ್ಪಗಿದ್ದರೂ ತೊಳೆಯೋಕೆ ಅಡ್ಡಿಯಿಲ್ಲ. ಅಡ್ಡಿಯಿರೋದು ಕಣ್ಣಿಗೆ ಕಾಣದ್ದು: ಕರಗಿ ಸೇರಿಕೊಂಡ ಗ್ರೀಸು, ಆಯಿಲು. ಅದನ್ನು ಯಾವ ಫಿಲ್ಟರೂ ತೆಗೆಯಲ್ಲ. ಕಾಯಿಸಿ ಬಟ್ಟಿ ಇಳಿಸಿದರೆ ತೆಗೀಬಹುದು, ಮನೆಯಲ್ಲಿ ಆ ಸಾಹಸಕ್ಕೆ ಯಾರೂ ಇಳಿಯೋದು ಬೇಡ. ಗಾಜಿನ ಮೇಲೆ ಒಂದು ಹನಿ ಬಿಟ್ಟು ಮಾರನೇ ದಿನ ಬೆರಳಾಡಿಸಿ. ಜಿಡ್ಡು ಉಳಿದಿದ್ದರೆ ಅದು ಮೊದಲ ತೊಳೆತಕ್ಕಷ್ಟೇ. ಕೊನೇ ಜಾಲಾಟಕ್ಕೆ ಬೇರೆ ಬಾಟಲಿಯಲ್ಲಿ ಹೊಸದು ಇಟ್ಟಿರ್ತೀನಿ, ಅರ್ಧ ಲೀಟರಲ್ಲಿ ಮುಗಿಯುತ್ತೆ.

ಬಟ್ಟೆಯಲ್ಲಿ ಸೋಸೋದು ಮೂರನೇ ದಾರಿ. ಅದೊಂದೇ ಸಾಲದು, ಆದರೆ ಡಬ್ಬದ ಬಾಯಿಗೆ ಹಳೇ ಪಂಚೆ ಮಡಚಿ ಕಟ್ಟಿದರೆ ಗ್ಯಾಸ್ಕೆಟ್ ಚೂರು, ಕೈಜಾರಿದ ಸರ್‌ಕ್ಲಿಪ್ಪು (ಸಣ್ಣ ಲಾಕ್ ರಿಂಗು) ಅಲ್ಲೇ ಸಿಗುತ್ತೆ. ಬನಿಯನ್ ಬಟ್ಟೆ ಬೇಡ, ಅದರ ನೂಲೆಳೆ ಕಾರ್ಬುರೇಟರ್ ಜೆಟ್ಟಿಗೆ ಹೋಗಿ ಕೂರುತ್ತೆ. ಸ್ಪೀಕರಿನ ಹಳೇ ಮ್ಯಾಗ್ನೆಟ್ಟು ಡಬ್ಬಕ್ಕೆ ಹೊರಗಿನಿಂದ ಅಂಟಿಸಿ, ಕಬ್ಬಿಣದ ಪುಡಿ ಅಲ್ಲೇ ನಿಲ್ಲುತ್ತೆ, ಪುಕ್ಕಟೆ ಕೆಲಸ.

ತಳದ ಮಡ್ಡಿಯನ್ನು ಚರಂಡಿಗೆ ಹಾಕಿದರೆ ಅದು ಕೊನೆಗೆ ಯಾರದೋ ಗದ್ದೆಗೇ ಹೋಗೋದು. ಕ್ಯಾನಲ್ಲಿ ತುಂಬಿಟ್ಟು, ಗ್ಯಾರೇಜುಗಳ ಹಳೇ ಆಯಿಲ್ ಎತ್ತೋರಿಗೆ ಕೊಡ್ತೀನಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದು ಅನುಮತಿ ಪಡೆದ ಘಟಕಕ್ಕೇ ಹೋಗಬೇಕು.

ದಿನಾ ನಾಲ್ಕು ಎಂಜಿನ್ ಬಿಚ್ಚೋ ಗ್ಯಾರೇಜಿನವರಿಗೆ ವಾರಗಟ್ಟಲೆ ಕಾಯೋ ಡಬ್ಬ ಒಗ್ಗಲ್ಲ, ಅವರು ಗೇಜ್ ಸಮೇತ ಪಂಪೇ ಹಾಕಿಸಿಕೊಳ್ಳಲಿ. ಕೊಳ್ಳೋ ಮುಂಚೆ ಅದೇ ಪಂಪಿನ ಬಿಡಿ ಡಯಾಫ್ರಮ್ ಒಂದು ತಂದು, ಅಗಲ ಅಳೆದು, ಟರ್ಪೆಂಟೈನಲ್ಲಿ ಎರಡು ದಿನ ನೆನೆಹಾಕಿ ಮತ್ತೆ ಅಳೆಯಿರಿ. ಬೆಳೆದಿದ್ದರೆ ಆ ಪಂಪು ಗದ್ದೆಗೇ ಇರಲಿ.